ಪಕ್ಕದ ಮಂಚದವನ ವರ್ತಮಾನ

ನಮ್ಮ ಹಾಸ್ಟೆಲಿನಲ್ಲಿ ಸಂಜೆ ದೀಪ ಹಚ್ಚಿದ ಕೂಡಲೇ ಹಾಜರಿ ಆಗುತ್ತಿತ್ತು. ಅದು ಅಕ್ಷರದ ಪ್ರಕಾರ ಅಲ್ಲ, ಮಂಚದ ಪ್ರಕಾರ. ಬಾಗಿಲ ಹತ್ತಿರದ ಮಂಚದಿಂದ ಶುರುವಾಗಿ ಕಿಟಕಿಯ ಹತ್ತಿರದ ಮಂಚಕ್ಕೆ ಮುಗಿಯುತ್ತಿತ್ತು. ಸರದಿ ಬಂದವನು ಎದ್ದು ನಿಂತು ‘ಹಾಜರ್’ ಅನ್ನಬೇಕು. ಮಂಚ ಖಾಲಿ ಇದ್ದರೆ ಅದರ ಪಕ್ಕದ ಮಂಚದವನು ಎದ್ದು, ಅವನು ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಹೇಳಬೇಕು. ‘ಗೊತ್ತಿಲ್ಲ’ ಎಂಬ ಉತ್ತರವನ್ನು ವಾರ್ಡನ್ ಸಾಹೇಬರು ಒಪ್ಪುತ್ತಿರಲಿಲ್ಲ. ಹಾಗೆ ಅಂದವನು ಎಲ್ಲರ ಊಟ ಮುಗಿಯುವ ತನಕ ಗೋಡೆಗೆ ನಿಲ್ಲಬೇಕಿತ್ತು. ಪಕ್ಕದಲ್ಲಿ ಮಲಗುವವನ ಖಬರಿಲ್ಲದವನಿಗೆ ಓದು ಯಾಕೆ ಎಂದು ಅವರು ಉರ್ದುವಿನಲ್ಲಿ ಕೇಳುತ್ತಿದ್ದರು. ಹೀಗಾಗಿ ನಾವೆಲ್ಲ ಪಕ್ಕದವನ ವಿಷಯ ತಿಳಿದುಕೊಂಡಿರುತ್ತಿದ್ದೆವು. ತಿಳಿಯದಿದ್ದರೆ ಒಂದು ಉತ್ತರ ಸಿದ್ಧ ಇಟ್ಟುಕೊಂಡಿರುತ್ತಿದ್ದೆವು.

ಆಗ ನಿಜಾಮರ ಆಳ್ವಿಕೆ. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಾರಾಯಣಪೇಟೆ, ಮಕ್ತಲ್, ಗದ್ವಾಲಿನಿಂದ ಹೋದ ನಾವು ಹತ್ತು ಹನ್ನೆರಡು ಹುಡುಗರು ಒಂದೇ ಉದ್ದನೆಯ ಕೋಣೆಯಲ್ಲಿದ್ದೆವು. ಓದುವುದು, ಮಲಗುವುದು ಒಟ್ಟಿಗೆ. ಊಟ ಮಾತ್ರ ಬೇರೆ ಬೇರೆ ಅಡಿಗೆ ಮನೆಗಳಲ್ಲಿ. ನಮ್ಮದು ಮಂತ್ರಾಲಯಕ್ಕೆ ನಡೆದುಕೊಳ್ಳುವ ಮನೆತನ. ನಾನು ಮಡಿಯ ಅಡಿಗೆಯ ಕಡೆ ಉಣ್ಣುತ್ತಿದ್ದೆ. ನನ್ನ ಪಕ್ಕದ ಮಂಚದವನು ಮಕ್ತಲ್‌ನ ಮುಸಲ್ಮಾನರ ಹುಡುಗ, ಅಲ್ಲಿಯ ತಹಸೀಲ್ ಕಚೇರಿಯ ಪೇಷ್ಕಾರರ ಮಗ. ಅವನು ಬೇರೆ ಕಡೆ ಉಣ್ಣುತ್ತಿದ್ದ. ಉಂಡು ಬಂದ ಮೇಲೆ ಇಬ್ಬರೂ ಒಂದೇ ಲಾಟೀನಿನ ಬೆಳಕಿನಲ್ಲಿ ಓದುತ್ತಿದ್ದೆವು. ಅವನು ನನಗೆ ಫಾರಸಿಯ ಕಷ್ಟದ ಶಬ್ದ ಬಿಡಿಸಿ ಹೇಳುತ್ತಿದ್ದ. ನಾನು ಅವನ ಪುಸ್ತಕಗಳನ್ನು ಸರಿಯಾಗಿ ಜೋಡಿಸಿಡುತ್ತಿದ್ದೆ. ಶಿಸ್ತು ನನಗೆ ಒಗ್ಗಿದಷ್ಟು ಬೇರೆ ಯಾರಿಗೂ ಒಗ್ಗಲಿಲ್ಲ. ಅದಕ್ಕೇ ನನ್ನನ್ನು ಮಾನಿಟರ್ ಮಾಡಿದರು. ಆ ಹೆಸರು ಇವತ್ತಿಗೂ ಹೋಗಿಲ್ಲ.

ಪದವಿ ಮುಗಿಸಿ ನಾನು ರೆವಿನ್ಯೂ ಇಲಾಖೆ ಸೇರಿದೆ. ಅವನಿಗೆ ಕರೋಡ್‌ಗಿರಿ ಇಲಾಖೆಯಲ್ಲಿ, ಎಂದರೆ ಸುಂಕದ ಇಲಾಖೆಯಲ್ಲಿ, ನೌಕರಿ ಸಿಕ್ಕಿತು. ತುಂಗಭದ್ರೆಯ ದಂಡೆಯಲ್ಲಿರುವ ರಾಜೋಳಿಯ ಸುಂಕದ ಕಟ್ಟೆಗೆ, ಅಲ್ಲಿಯವರ ಮಾತಿನಲ್ಲಿ ನಾಕಾಕ್ಕೆ, ಹಾಕಿದರು. ಹೊಳೆಯ ಆಚೆ ಮದ್ರಾಸ್ ಪ್ರಾಂತ. ಸ್ವಲ್ಪ ದಿನಕ್ಕೇ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಗದ್ದಲದಲ್ಲಿ ಯಾರು ಎಲ್ಲಿ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಮಕ್ತಲ್‌ನಿಂದ ಬಂದವರೊಬ್ಬರು, ಪೇಷ್ಕಾರರ ಮನೆಯವರು ಕರಾಚಿಗೆ ಹೋದರಂತೆ ಎಂದರು. ಅವನ ಕಾಕಾ ಹೋದದ್ದು ನಿಜವಾಗಿತ್ತು. ನಾನು ಮತ್ತೆ ವಿಚಾರಿಸಲಿಲ್ಲ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗ ನಾವು ಹಾಸ್ಟೆಲಿನ ಹುಡುಗರು ಮತ್ತೆ ಕೂಡತೊಡಗಿದೆವು. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಮಕ್ತಲ್‌ನ ವಕೀಲರ ಮನೆಯ ಅಂಗಳದಲ್ಲಿ. ಅವರೂ ನಮ್ಮ ಕೋಣೆಯವರೇ. ಹಾಜರಿ ಕೂಗುವ ಕೆಲಸ ನನ್ನದು. ಅದೇ ಮಂಚದ ಕ್ರಮ, ಅದೇ ಕಾಯಿದೆ. ಇದ್ದವನು ಎದ್ದು ತನ್ನ ವರ್ಷದ ವರ್ತಮಾನ ಹೇಳಬೇಕು: ಮಗಳಿಗೆ ವರ ಸಿಕ್ಕಿತು, ಕಣ್ಣಿನ ಪೊರೆ ತೆಗೆಸಿದೆ, ಪಿಂಚಣಿ ಇನ್ನೂ ಬಂದಿಲ್ಲ. ಸತ್ತವನ ಪರವಾಗಿ, ಬರದವನ ಪರವಾಗಿ ಪಕ್ಕದ ಮಂಚದವನು ಹೇಳಬೇಕು.

ಮೊದಲನೆಯ ವರ್ಷ ಪೇಷ್ಕಾರರ ಮಗನ ಮಂಚದ ಸರದಿ ಬಂದಾಗ ನಾನು ಎದ್ದು, “ಕರಾಚಿ. ಖೈರಿಯತ್, ಆರಾಮ ಅದಾನ” ಅಂದೆ. ಎಲ್ಲರೂ ತಲೆಯಾಡಿಸಿದರು. ಮುಂದಿನ ವರ್ಷ ಯಾರೋ ಕೇಳಿದರು, “ಅಲ್ಲಿ ಏನ್ ಮಾಡ್ತಾನಂತ?”

“ಕಸ್ಟಮ್ಸ್‌ನಾಗ ಅದಾನ. ಬಂದರದ ಕಡೆ.” ಸುಂಕದ ನೌಕರ ಬೇರೆ ಎಲ್ಲಿ ಇರುತ್ತಾನೆ ಎಂದು ನನ್ನ ಲೆಕ್ಕ.

“ಹಂಗಾದ್ರ ಮೋಟಾರು ಇರಬೇಕಲ್ಲೋ ಮಾನಿಟರ್.”

“ಇಲಾಖೆದ್ದು ಐತಿ.”

ವಕೀಲರು ನಕ್ಕು, “ನೋಡ್ರಪಾ, ನಮ್ಮೊಳಗ ಮೋಟಾರಿನಾಗ ತಿರುಗಾವ ಅವನೊಬ್ಬನ” ಅಂದರು. ಹೀಗೆ ವರ್ಷಕ್ಕೊಂದು ಮಾತು ಕೂಡುತ್ತ ಹೋಯಿತು. ಅವನಿಗೆ ಸಮುದ್ರದ ಕಡೆ ಮುಖವಿರುವ ಮನೆ ಆಯಿತು, ಬಡ್ತಿ ಆಯಿತು, ಗಂಡುಮಕ್ಕಳು ಡಾಕ್ಟರಾದರು. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲಿಲ್ಲ. ನಾನು ಜಾಗ ಖಾಲಿ ಬಿಡದೆ ಕೆಲಸ ಮಾಡುತ್ತಿದ್ದೆ, ಅಷ್ಟೆ.

ಮೊಮ್ಮಗಳ ಮದುವೆಗೆ ಸೀರೆ ನೇಯಿಸಲು ಒಮ್ಮೆ ಗದ್ವಾಲಿಗೆ ಹೋಗಿದ್ದೆ. ಬೇಕಾದ ಅಂಚು ರಾಜೋಳಿಯ ಮಗ್ಗದಲ್ಲಿ ಸಿಗುತ್ತದೆ ಎಂದರು. ಹಾಗೆ ರಾಜೋಳಿಗೆ ಹೋದವನು ನೇಕಾರರ ಕೆಲಸ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಹೊಳೆಯ ಕಡೆ ನಡೆದೆ. ಗೆಳೆಯನ ಮೊದಲ ನೌಕರಿಯ ಊರು ಇದೇ ಎಂದು ನೆನಪಾಯಿತು. ಹಳೇ ಸುಂಕದ ನಾಕಾ ಎಲ್ಲಿತ್ತು ಎಂದು ಬಲೆ ಒಣಗಿಸುತ್ತಿದ್ದ ಒಬ್ಬನನ್ನು ಕೇಳಿದೆ.

“ನಾಕಾ ಸಾಹೇಬ್ರು ಬೇಕೇನ್ರಿ? ಆಚಿ ದಂಡಿಗೆ ಮಂದಿ ಬಿಡಾಕ ಹೋಗ್ಯಾರ. ಬರ್ತಾರ, ಕುಂದರ್ರಿ.”

ಯಾವ ಸಾಹೇಬರೋ ಎಂದುಕೊಂಡು ಕೂತೆ. ಹರಿಗೋಲು ಈಚೆಗೆ ಬಂತು. ಹುಟ್ಟು ಹಾಕುತ್ತಿದ್ದ ಮುದುಕ ಕೆಳಗಿಳಿದು, ಲುಂಗಿ ಎತ್ತಿ ಕಟ್ಟಿ, ನನ್ನ ಎದುರು ಬಂದು ನಿಂತು ಬಹಳ ಹೊತ್ತು ನೋಡಿದ.

“ಮಾನಿಟರ್,” ಅಂದ. “ಚಪ್ಪಲಿ ಈಗಲೂ ಜೋಡಿಸಿ ಬಿಡ್ತೀಯಲ್ಲೋ.”

ಕಲ್ಲಿನ ಪಕ್ಕ ನಾನು ಬಿಟ್ಟ ಚಪ್ಪಲಿ ನೋಡಿ ಗುರುತು ಹಿಡಿದಿದ್ದ. ದನಿಯಿಂದ ನಾನೂ ಗುರುತು ಹಿಡಿದೆ, ನನ್ನ ಪಕ್ಕದ ಮಂಚದವನು. ಬಾಯಿಂದ ಬಂದದ್ದು ಒಂದು ಮೂರ್ಖ ಪ್ರಶ್ನೆ. “ಕರಾಚಿಯಿಂದ ಯಾವಾಗ ಬಂದಿ?”

ಆತ ಜೋರಾಗಿ ನಕ್ಕ. “ಹೋದ್ರಲ್ಲೇನು ಬರೂದು?”

ಆತ ಮನೆಗೆ ಕರೆಯಲಿಲ್ಲ. ಬಸ್ ನಿಲ್ಲುವಲ್ಲಿಯ ಚಹಾದ ಅಂಗಡಿಗೆ ಕರೆದುಕೊಂಡು ಹೋದ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಚಹಾ ಕುಡಿಯುತ್ತ ತನ್ನ ವರ್ತಮಾನ ತಾನೇ ಹೇಳಿದ. ಪೊಲೀಸ್ ಆಕ್ಷನ್ ಆದಾಗ ಹೊಳೆ ತುಂಬಿತ್ತು. ಊರೊಳಗೆ ಮಂದಿ ಮುಸಲ್ಮಾನ ನೌಕರರನ್ನು ಹುಡುಕಿಕೊಂಡು ಬಂದರು. ಅಂಬಿಗರು ತಮ್ಮ ಗುಡಿಸಲಿನಲ್ಲಿ ಹರಿಗೋಲು ಬೋರಲು ಹಾಕಿ ಅದರ ಕೆಳಗೆ ಆತನನ್ನು ಮಲಗಿಸಿದರು. ಗದ್ದಲ ಇಳಿದ ಮೇಲೆ ನಾಕಾ ಎದ್ದುಹೋಯಿತು, ನೌಕರಿ ಹೋಯಿತು. ಮಕ್ತಲ್‌ನಲ್ಲಿ ತಂದೆ ತೀರಿಕೊಂಡಿದ್ದರು. ಆತ ರಾಜೋಳಿಯಲ್ಲೇ ಉಳಿದ. ಮದುವೆಯಾದ, ದಂಡೆಯಲ್ಲಿ ಕಲ್ಲಂಗಡಿ ಬೆಳೆದ, ಆಮೇಲೆ ಹರಿಗೋಲಿನ ಗುತ್ತಿಗೆ ಹಿಡಿದ.

“ಒಂದು ಮಾತು ತಿಳಿಸಬಾರದಾಗಿತ್ತೇನೋ?” ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು.

“ಬಂದಿದ್ದೆ. ನಮ್ಮ ಅಬ್ಬಾನ ಸಮಾಧಿಗೆ ಹೂ ಹಾಕಾಕ ಮಕ್ತಲ್‌ಗೆ ಬಂದಾಗ, ವಕೀಲನ ಮನಿ ಮುಂದ ನಿಮ್ಮ ಗದ್ದಲ ಕೇಳಿಸ್ತು. ಬಾಗಲದಾಗ ನಿಂತೆ. ನೀ ಹಾಜರಿ ಕೂಗಾಕ ಹತ್ತಿದ್ದಿ. ನನ್ನ ಮಂಚ ಬಂತು. ನಾ ಒಳಗ ಕಾಲಿಡೂದ್ರಾಗ ನೀ ಎದ್ದು ನಿಂತು ನನ್ನ ವರ್ತಮಾನ ಹೇಳಿದಿ. ಸಮುದ್ರದ ಕಡಿ ಮನಿ, ಮೋಟಾರು.” ಆತ ಲೋಟ ಕೆಳಗಿಟ್ಟ. “ಎಲ್ಲಾರೂ ಭಾಳ ಖುಷಿ ಪಟ್ರಿ. ಅಷ್ಟು ಆರಾಮ ಇರಾವನ್ನ ಕೆಡಿಸಬಾರದಂತ ತಿರುಗಿ ಬಂದೆ.”

ಬಸ್ಸು ಬಂತು. ಈ ವರ್ಷ ಬಾ ಎಂದೆ. “ನೋಡೂಣು,” ಅಂದ. “ಮೊದಲು ಅವರಿಗೆ ಹೇಳು.”

ಸಂಕ್ರಾಂತಿ ಬಂತು. ಅವನ ಸರದಿಯಲ್ಲಿ ನಾನು ಎದ್ದು, “ರಾಜೋಳಿ. ಹರಿಗೋಲು ನಡಸ್ತಾನ. ಹೆಣ್ಣುಮಕ್ಕಳ ಮದುವಿ ಆಗ್ಯಾವ. ಕರಾಚಿಗೆ ಹೋಗೇ ಇಲ್ಲ. ನಾ ಹೇಳಿದ್ದೆಲ್ಲ ಸುಳ್ಳು” ಅಂದೆ. ಕರಾಚಿಯ ವರ್ಷಗಳಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದವರು ಈಗ ಒಂದನ್ನೂ ಕೇಳಲಿಲ್ಲ. ಒಬ್ಬರು ಕೆಮ್ಮಿದರು. ವಕೀಲರು, “ಮುಂದಿನ ಮಂಚ ಯಾರದು?” ಅಂದರು.

ಊಟಕ್ಕೆ ಎಲೆ ಹಾಕುವ ಮೊದಲು ನಮ್ಮ ಕೋಣೆಯವರೇ ಆದ ಗದ್ವಾಲಿನ ಡಾಕ್ಟರರು ನನ್ನನ್ನು ಬಾವಿಯ ಕಡೆ ಕರೆದರು. ಅವರ ದವಾಖಾನೆಗೆ ರಾಜೋಳಿಯ ಮಂದಿಯೆಲ್ಲ ಬರುತ್ತಾರೆ.

“ನನಗ ಮೊದಲ ಗೊತ್ತಿತ್ತು,” ಅಂದರು. “ಅವನ ಹೆಂಡತಿ ಹೆರಿಗಿ ನಾನ ಮಾಡಿಸೀನಿ.”

“ಮತ್ತ ನೀವು ಯಾಕ ಸುಮ್ಮನಿದ್ರಿ?”

“ಹೇಳಿದ್ರ ಕರೀಬೇಕಾಗ್ತಿತ್ತು. ಕರೆದ್ರ ಊಟಕ್ಕ ಎಲ್ಲಿ ಕೂಡಸೂದು? ಒಳಗ ವಕೀಲರ ಹೆಂಡತಿ ಮಡಿ ಉಟ್ಟು ಅಡಿಗಿ ಮಾಡ್ಯಾರ. ನೀ ಹೇಳು ಮಾನಿಟರ್, ಎಲ್ಲಿ ಕೂಡಸ್ತಿದ್ದಿ?”

ಆ ಪ್ರಶ್ನೆ ನನಗೆ ಹೊಸದೆನಿಸಲಿಲ್ಲ. ಮಕ್ತಲ್‌ನಲ್ಲಿ ನೂರು ಮಂದಿಯನ್ನು ಕೇಳಬಹುದಿತ್ತು, ಒಬ್ಬನನ್ನೂ ಕೇಳದೆ ಅವನನ್ನು ಸಮುದ್ರದ ದಂಡೆಯಲ್ಲಿ ಕೂಡಿಸಿದವನು ನಾನು. ಅಷ್ಟು ದೂರ ಇದ್ದವನಿಗೆ ಎಲೆ ಹಾಕಬೇಕಾಗಿರಲಿಲ್ಲ.

ವ್ಯವಸ್ಥೆ ಮಾಡುವುದರಲ್ಲಿ ನಾನು ಹಿಂದೆ ಬೀಳುವವನಲ್ಲ. ಮುಂದಿನ ವರ್ಷದ ಕೂಟವನ್ನು ಗದ್ವಾಲಿನ ಒಂದು ಹೋಟೆಲಿಗೆ ಬದಲಿಸಿದೆ. ಯಾರ ಮನೆಯೂ ಅಲ್ಲ, ಎಲ್ಲರಿಗೂ ಮೇಜು ಕುರ್ಚಿ. ವಕೀಲರೂ ಒಪ್ಪಿದರು. ಹೆಮ್ಮೆಯಿಂದ ರಾಜೋಳಿಗೆ ಹೋಗಿ ಗೆಳೆಯನಿಗೆ ತಿಳಿಸಿದೆ. ಆತ ಸ್ವಲ್ಪ ಯೋಚಿಸಿ, “ಛಲೋ ಮಾಡಿದಿ. ಯಾರ ಮನಿನೂ ಮೈಲಿಗಿ ಆಗಂಗಿಲ್ಲ” ಅಂದ. ಚುಚ್ಚುವುದಕ್ಕೆ ಅಂದದ್ದಲ್ಲ. ಮಳೆ ಬಂದೀತು ಅನ್ನುವಂತೆ ಅಂದ. ನನ್ನ ಹೆಮ್ಮೆ ಅಲ್ಲಿಗೇ ಇಳಿಯಿತು.

ಆತ ಬಂದ. ಒಗೆದ ಷೇರ್ವಾನಿ ಹಾಕಿಕೊಂಡು ಬಂದ. ಸರದಿ ಬಂದಾಗ ಎದ್ದು ಸೊಗಸಾದ ಉರ್ದುವಿನಲ್ಲಿ, “ಕರಾಚಿಯ ಮನೆ ಮಾರಿಬಿಟ್ಟೆ, ಸಮುದ್ರದ ಗಾಳಿ ಒಗ್ಗಲಿಲ್ಲ” ಅಂದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಹಾಗೆ ಕೆಲವು ವರ್ಷ ಹೋಟೆಲಿನಲ್ಲೇ ಕೂಡಿದೆವು. ಎಲ್ಲ ಸುಸೂತ್ರವಾಗಿತ್ತು. ನಾರಾಯಣಪೇಟೆಯಲ್ಲಿ ನನ್ನ ಮನೆಯ ಪಡಸಾಲೆಯಲ್ಲಿ ಐವತ್ತು ಜನ ಉಣ್ಣಬಹುದು. ಅಲ್ಲಿಗೆ ಬರಲಿ ಎಂದು ನಾನು ಒಮ್ಮೆಯೂ ಅನ್ನಲಿಲ್ಲ. ಮನೆಯಲ್ಲಿ ಹೆಂಗಸರು ಒಪ್ಪುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ.

ಕಳೆದ ವರ್ಷ ಅವನ ಕುರ್ಚಿ ಖಾಲಿ ಇತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು.

“ಅಷ್ಟು ದೋಸ್ತಿ ಅಂತೀರಿ, ಅವರು ಮನಿಗೆ ಯಾಕ ಒಮ್ಮೆನೂ ಬರಲಿಲ್ಲ?”

“ನಿನಗ ಸರಿ ಕಾಣಂಗಿಲ್ಲಂತ ಕರೀಲಿಲ್ಲ.”

ಆಕೆ ಮೊರ ಕೆಳಗಿಟ್ಟಳು. “ನಾ ಯಾವಾಗ ಬ್ಯಾಡ ಅಂದೆ? ನೀವು ಯಾವಾಗ ಕೇಳಿದ್ರಿ?” ಮೊರ ಮತ್ತೆ ಎತ್ತಿಕೊಳ್ಳುತ್ತ ಅಂದಳು, “ನನ್ನ ಹೆಸರಿಲೆ ಇಷ್ಟು ವರ್ಷ ಅವರನ್ನ ಹೊರಗ ಇಟ್ಟಿದ್ರಿ. ನನಗರ ಹೇಳಬೇಕಿತ್ತು.”

ಮರುವಾರ ರಾಜೋಳಿಗೆ ಹೋದೆ. ಈ ಸಲ ಚಹಾದ ಅಂಗಡಿಗಲ್ಲ, ಕೇಳಿಕೊಂಡು ನೇರ ಮನೆಗೇ ಹೋದೆ. ಆತ ಹೊರಗಿನ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಮಗಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ನಿಂತುಕೊಂಡೇ, ನಮ್ಮ ಮನೆಗೆ ಊಟಕ್ಕೆ ಬರಬೇಕು, ಹೆಂಡತಿ ಹೇಳಿ ಕಳಿಸಿದ್ದಾಳೆ ಎಂದೆ.

“ಈಗ ಕರೀತಿಯಲ್ಲೋ, ಮೊಣಕಾಲು ಹೋದ ಮ್ಯಾಲೆ,” ಅಂದ. “ಬಸ್ಸಿನ ಮೆಟ್ಟಲ ಹತ್ತಾಕ ಆಗವಲ್ದು. ಹರಿಗೋಲಿನಾಗಾದ್ರ ಬರ್ತಿದ್ದೆ. ನಿಮ್ಮೂರಿಗೆ ಹೊಳಿ ಎಲ್ಲೈತಿ?”

ಮೋಟಾರು ಗೊತ್ತು ಮಾಡುತ್ತೇನೆ ಎಂದೆ. ಕೈ ಅಡ್ಡ ಆಡಿಸಿದ. ಅಷ್ಟು ಹೊತ್ತು ಕಾಲು ಮಡಚಿ ಕೂಡಲಾಗುವುದಿಲ್ಲ ಎಂದು ಮಗಳು ಹೇಳಿದಳು. ಆಮೇಲೆ ಒಳಗೆ ಹೋಗಿ, ನನ್ನನ್ನು ಏನೂ ಕೇಳದೆ, ಜೋಳದ ರೊಟ್ಟಿ, ಪುಂಡಿ ಪಲ್ಯ ತಂದು ತಂದೆಯ ತಟ್ಟೆಯ ಪಕ್ಕದಲ್ಲೇ ನನಗೂ ಒಂದು ತಟ್ಟೆ ಇಟ್ಟಳು.

“ಈ ಕಾಕಾ ಇಷ್ಟು ವರ್ಷ ಎಲ್ಲಿದ್ರು ಅಬ್ಬಾ?” ಎಂದು ಕೇಳಿದಳು.

“ಇಲ್ಲೇ, ನಾರಾಯಣಪೇಟಿನಾಗ.”

“ಅಷ್ಟು ಹತ್ರ ಇದ್ದು ಮನಿಗೆ ಯಾಕ ಬಂದಿಲ್ಲ?”

ಆತ ನನ್ನ ಮುಖ ನೋಡಿದ. ಆಕೆ ನೀರಿನ ತಂಬಿಗೆ ಹಿಡಿದುಕೊಂಡು ಕಾಯುತ್ತಿದ್ದಳು. ನಾನು ರೊಟ್ಟಿ ಮುರಿಯುತ್ತ ತಟ್ಟೆಯನ್ನೇ ನೋಡುತ್ತ ಕೂತೆ.