ಹೆಜ್ಜೆ ಬಿದ್ದ ಇಟ್ಟಿಗೆ

ಇಟ್ಟಿಗೆ ಗೂಡಿನಲ್ಲಿ ಅವಳಿಗೆ ಬಾಯಿಬಡುಕಿ ಎಂದೇ ಹೆಸರು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಇವಳದಕ್ಕೆ ಹಲ್ಲೂ ಇತ್ತು. ಹಗಲೆಲ್ಲ ಕುಕ್ಕರುಗಾಲಿನಲ್ಲಿ ಕೂತು ಅಚ್ಚಿಗೆ ಮಣ್ಣು ಬಡಿಯುವುದು, ಬಡಿಯುತ್ತಲೇ ಮೇಸ್ತ್ರಿಯನ್ನು ಬಯ್ಯುವುದು. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ.

ಬಯ್ಯಲು ಕಾರಣವಿತ್ತು. ಒಣಹಾಕಿದ ಹಸಿ ಇಟ್ಟಿಗೆ ಮಗುಚಲು ಮೇಸ್ತ್ರಿಗೆ ಮಕ್ಕಳೇ ಬೇಕು. ದೊಡ್ಡವರು ಮೇಲೆ ಕಾಲಿಟ್ಟರೆ ಕುಸಿಯುತ್ತದೆ, ಮಕ್ಕಳು ಹಗುರ, ಸಾಲಿನ ಮೇಲೇ ನಡೆದುಹೋಗುತ್ತವೆ. ಅವಳ ಮಗಳಂತೂ ಕಡ್ಡಿಯ ಹಾಗಿದ್ದಳು, ಹಾಗಾಗಿ ಅವನಿಗೆ ಅಚ್ಚುಮೆಚ್ಚು.

"ಇವಳನ್ನ ಸ್ಕೂಲಿಗೆ ಕಳಿಸ್ತೀನಿ," ಎಂದಳು ಒಂದು ದಿನ ಮೇಸ್ತ್ರಿಗೆ.

"ಇಟ್ಟಿಗೆ ಯಾರು ಮಗುಚ್ತಾರೆ?"

"ನೀನೇ ಮಗುಚು. ಹೊಟ್ಟೆನಾದ್ರೂ ಕರಗುತ್ತೆ."

ಮಗಳ ಕೈ ಹಿಡಿದು ಹೊರಟೇಬಿಟ್ಟಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಎಲ್ಲ ಮಕ್ಕಳಿಗೂ ಶಾಲೆ ಎಂದು ಸರ್ಕಾರ ಹೇಳಿತ್ತು. ಹೆಡ್‌ಮೇಷ್ಟ್ರು ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಿದ್ದರು.

"ನೋಡಮ್ಮ, ನೀವು ಮಳೆ ಬಂದ್ರೆ ಗಂಟುಮೂಟೆ ಕಟ್ಟೋರು. ಆಮೇಲೆ ಹುಡುಗಿ ಎಲ್ಲಿ ಅಂತ ನನ್ನ ಕುತ್ತಿಗೆಗೆ ಬರುತ್ತೆ. ಈ ಸ್ಕೂಲಿಗೂ ನಿಮಗೂ ಏನು ಸಂಬಂಧ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಲೆ ತಗ್ಗಿಸಿ ಹಲ್ಲು ಕಡಿದಳು. ಆಗ ಜಗುಲಿಗೆ ಹಾಸಿದ ಇಟ್ಟಿಗೆ ಕಣ್ಣಿಗೆ ಬಿತ್ತು. ಮೇಷ್ಟ್ರ ಚಪ್ಪಲಿಯ ಕೆಳಗಿಂದ ಪುಟ್ಟ ಪಾದದ ಗುರುತು ಇಣುಕುತ್ತಿತ್ತು, ಕಿರುಬೆರಳು ಪಕ್ಕದ ಬೆರಳಿನ ಮೇಲೇರಿತ್ತು. ಅಂಥ ಬೆರಳು ಗೂಡಿನಲ್ಲಿ ಇದ್ದದ್ದು ತನ್ನ ಮಗಳೊಬ್ಬಳಿಗೇ. ಆರದ ಇಟ್ಟಿಗೆ ತುಳಿದಳೆಂದು ಮೇಸ್ತ್ರಿ ಹಿಂದೊಮ್ಮೆ ಅವಳ ಕಿವಿ ಹಿಂಡಿದ್ದ.

"ಮೇಷ್ಟ್ರೇ, ಕಾಲೆತ್ತಿ," ಎಂದವಳೇ ಮಗಳ ಕಾಲನ್ನು ಅದರ ಪಕ್ಕ ಇಡಿಸಿದಳು. ಪಾದ ಬೆಳೆದಿತ್ತು, ಬೆರಳು ಹಾಗೇ ಇತ್ತು. "ಇದರ ಮೇಲೇ ನಿಂತ್ಕೊಂಡು ಸಂಬಂಧ ಏನು ಅಂತೀರಲ್ಲ."

"ಅದು ಬೇಡ ಅಂತ ತೆಗೆದುಹಾಕಿದ ಮಾಲು ಕಣಮ್ಮ. ಅಗ್ಗಕ್ಕೆ ಸಿಕ್ತು, ಹಾಸಿದ್ವಿ."

"ಮಾಲು ಆಗುತ್ತೆ, ಮಗು ಆಗಲ್ವಾ?"

ಮೇಷ್ಟ್ರು ಕೈ ತೆಗೆಯಲಿಲ್ಲ. ಇವಳು ದನಿ ಏರಿಸಿದಳು, ಅವರೂ ಏರಿಸಿದರು. ಹುಡುಗಿ ಕಡ್ಡಿಯ ಹಾಗಿದ್ದಳಲ್ಲ, ಆ ಕೈಯ ಕೆಳಗೇ ನುಸುಳಿ ಮುಂದಿನ ಸಾಲಿನಲ್ಲಿ ಕೂತುಬಿಟ್ಟಳು.

ತಾಯಿ ಆ ಇಟ್ಟಿಗೆಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

"ಈಗ ಎಬ್ಬಿಸಿ ನೋಡೋಣ," ಎಂದಳು. "ಹಗಲೆಲ್ಲ ಕೂತು ಬಯ್ಯೋದು ನಂಗೆ ಅಭ್ಯಾಸ."