ಅತ್ತೆ ಆರಿಸಿದ ಕರಿ ಹಲಗೆ

ಅತ್ತೆಗೆ ಇಸ್ಪೀಟಿನ ಚಟ ಹತ್ತಿದೆ ಎಂದು ಅಳಿಯ ಪೂರ್ತಿ ಆರು ತಿಂಗಳು ನಂಬಿದ್ದ. ನಂಬಿದ್ದಷ್ಟೇ ಅಲ್ಲ, ಹೆಂಡತಿಯ ಕಿವಿ ಕಚ್ಚುತ್ತಲೂ ಇದ್ದ. ಕಾರಣ ಇಲ್ಲದಿರಲಿಲ್ಲ. ಮಧ್ಯಾಹ್ನ ಊಟ ಮುಗಿದದ್ದೇ ತಡ, ಅತ್ತೆ ಕಂಪ್ಯೂಟರಿನ ಮುಂದೆ ಕೂತು ಮೌಸನ್ನು ಅತ್ತಿತ್ತ ಎಳೆಯುತ್ತ, "ಥೂ, ಮತ್ತೆ ಕೆಟ್ಟೋಯ್ತು!" ಎಂದು ಹಲುಬುತ್ತಿದ್ದರು. ಸೋತವರ ಮಾತಲ್ಲದೆ ಇದಿನ್ನೇನು? ಒಂದು ದಿನ ಕಳ್ಳಹೆಜ್ಜೆ ಇಟ್ಟು ಬೆನ್ನ ಹಿಂದೆ ನಿಂತು ಇಣುಕಿದ. ಪರದೆಯ ಮೇಲೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಯಾವುದೋ ಕಾಲದ ಹೆಂಗಸಿನ ಫೋಟೋ.

"ನಮ್ಮಮ್ಮ," ಎಂದರು ಅತ್ತೆ, ತಿರುಗದೆಯೇ. "ಇರೋದು ಇದೊಂದೇ. ಅದರಲ್ಲೂ ಸರಿಯಾಗಿ ನಗೋ ಜಾಗಕ್ಕೇ ಬೂಷ್ಟು ಹಿಡಿದಿದೆ."

ಅತ್ತೆ ಇಪ್ಪತ್ತೊಂಬತ್ತು ವರ್ಷ ಹದಿನಾಲ್ಕನೇ ನಂಬರಿನ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಕೊನೆಯ ಸ್ಟಾಪಿನಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಬೇರೆ ಡ್ರೈವರುಗಳು ಕಾಲು ಚಾಚಿದರೆ, ಇವರು ಫೋನು ಹಿಡಿದು ಟಯರಿನ ಮೇಲೆ ಮಲಗಿದ ಬೆಕ್ಕಿನ ಫೋಟೋ ತೆಗೆಯುತ್ತಿದ್ದರು. ನಿವೃತ್ತಿಯ ಮೇಲೆ ಆ ಫೋಟೋಗಳಿಂದ ಕರೆಂಟು ತಂತಿ ಅಳಿಸುವುದನ್ನು ಕಲಿತರು. ತಂತಿ ಅಳಿಸಿದ ಧೈರ್ಯದಲ್ಲಿ ಅಮ್ಮನ ಮುಖಕ್ಕೆ ಕೈ ಹಾಕಿದ್ದರು.

ಅಳಿಯನಿಗೂ ಆ ಬಸ್ಸು ಹೊಸದಲ್ಲ. ಮದುವೆಗೆ ಮೊದಲು ಏಳು ವರ್ಷ, ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು ಆಫೀಸಿಗೆ ಹೋದವನು.

ಅತ್ತೆಯ ಅಕ್ಕ ಹೊಸ ಮನೆಯ ಹಾಲಿನಲ್ಲಿ ಅಮ್ಮನ ಫೋಟೋಗೆಂದು ಮೊಳೆ ಹೊಡೆದು ಕಾಯುತ್ತಿದ್ದರು. ದಿನಕ್ಕೊಂದು ಫೋನು. "ಏನೇ, ಮೊಳೆ ತುಕ್ಕು ಹಿಡಿಯೋಕೆ ಮೊದಲಾದ್ರೂ ಅಮ್ಮ ಬರ್ತಾಳಾ? ನಿನ್ನೆ ತಿದ್ದಿ ಕಳಿಸಿದ್ಯಲ್ಲ, ಆ ಹೆಂಗಸು ಯಾರೇ?"

ಅತ್ತೆಯ ಮುಖ ಸಣ್ಣದಾಯಿತು. "ಮೌಸು ಹಿಡ್ಕೊಂಡು ಬಾಯಿ ತಿದ್ದೋದು ಅಂದ್ರೆ ಇಟ್ಟಿಗೆ ಹಿಡ್ಕೊಂಡು ಹುಬ್ಬು ತೀಡಿದ ಹಾಗೆ. ಅಮ್ಮನ ನಗು ನನ್ನ ಕೈಯಲ್ಲೇ ಹಾಳಾಗ್ತಿದೆ."

"ಪೆನ್ ಟ್ಯಾಬ್ಲೆಟ್ ಬೇಕು ಅತ್ತೆ. ಹಲಗೆ ಮೇಲೆ ಪೆನ್ನಿನಲ್ಲಿ ಗೀಚಿದ್ರೆ ಫೋಟೋ ಮೇಲೆ ಗೆರೆ ಬೀಳುತ್ತೆ. ನನಗೆ ಬಿಡಿ."

ಹಿಂದೊಮ್ಮೆ 'ನನಗೆ ಬಿಡಿ' ಎಂದು ಅವನು ಆರಿಸಿದ ಫ್ಯಾನು, ಕಳೆದುಹೋದ ರಿಮೋಟಿನ ದಾರಿ ಕಾಯುತ್ತ ಇನ್ನೂ ಸುಮ್ಮನೆ ನೇತಾಡುತ್ತಿತ್ತು. ಆದರೂ ಅತ್ತೆ ಅವನಿಗೇ ಬಿಟ್ಟರು. ಅಳಿಯ ನಾಲ್ಕು ದಿನ ಕೂತು ಹದಿನೇಳು ಕಾಲಮ್ಮಿನ ಪಟ್ಟಿ ಮಾಡಿದ.

"ಪೆನ್ನು ಒತ್ತೋದರಲ್ಲೇ ಎಂಟು ಸಾವಿರ ಹಂತ ಅತ್ತೆ! ಹದಿನಾರು ಸಾವಿರದ್ದೂ ಇದೆ!"

"ನನ್ನ ಕೈಕಾಲಿಗೆ ಗೊತ್ತಿರೋದು ಮೂರೇ. ಮೆಲ್ಲಗೆ, ಜೋರಾಗಿ, ಬ್ರೇಕು."

ಕೊನೆಗೆ ತೀರ್ಪು ಬಂತು. ಪರದೆ ಇರುವ ದೊಡ್ಡ ಟ್ಯಾಬ್ಲೆಟ್ಟೇ ಆಗಬೇಕು. "ಪರದೆ ಇಲ್ಲದ್ದರಲ್ಲಿ ಕೈ ಮೇಜಿನ ಮೇಲೆ, ಗೆರೆ ಕಂಪ್ಯೂಟರಿನಲ್ಲಿ. ನಿಮ್ಮ ವಯಸ್ಸಿಗೆ ಆಗೋ ಮಾತಲ್ಲ."

ಅಂಗಡಿಯಲ್ಲಿ ಅದನ್ನು ಸಾಬೀತು ಮಾಡಲು ತಾನೇ ಪರದೆ ಇಲ್ಲದ ಒಂದು ಬೋಳು ಕರಿ ಹಲಗೆಯ ಮುಂದೆ ಕೂತ. ಮಾದರಿ ಫೋಟೋದ ಹುಡುಗಿಯ ತುಟಿಯ ಮೇಲಿದ್ದ ಒಂದು ಚುಕ್ಕೆ ಅಳಿಸಬೇಕಿತ್ತು. ಕೈ ನೋಡಿದರೆ ಗೆರೆ ತಪ್ಪಿತು, ಗೆರೆ ನೋಡಿದರೆ ಕೈ ತಪ್ಪಿತು. ಹುಡುಗಿಗೆ ಸೊಗಸಾದ ಮೀಸೆ ಬಂತು.

"ನೋಡಿದ್ರಾ? ಸಾಧ್ಯವೇ ಇಲ್ಲ!" ಎಂದ, ಗೆದ್ದವನ ಹಾಗೆ.

"ಸ್ವಲ್ಪ ಏಳಿ," ಎಂದರು ಅತ್ತೆ. ಕುರ್ಚಿ ಮುಂದಕ್ಕೆಳೆದು, ಬೆನ್ನು ನೆಟ್ಟಗೆ ಮಾಡಿ, ಪರದೆಯನ್ನು ಕನ್ನಡಿ ತಿರುಗಿಸಿದಂತೆ ತುಸು ತಿರುಗಿಸಿದರು. ಅಂಥದ್ದೇ ದೊಡ್ಡ ಹಲಗೆಯ ಮೇಲೆ ಕೈಯಾಡಿಸಿ, "ಲಾರಿ ಸ್ಟಿಯರಿಂಗು, ತೋಳು ಬಿದ್ದೋಗುತ್ತೆ," ಎಂದರು. ಚಿಕ್ಕದಕ್ಕೆ, "ಬೆರಳು ಮಿಸುಕಿದ್ರೆ ಗೆರೆ ಪಕ್ಕದೂರಿಗೆ ಹೋಗುತ್ತೆ." ಹೆಬ್ಬೆರಳಿನಡಿಯೇ ಬಟನ್ ಇದ್ದ ಒಂದು ಪೆನ್ನನ್ನು ಅಲ್ಲೇ ವಾಪಸು ಕೊಟ್ಟರು. "ಹಾರ್ನ್ ಬೇಕೆಂದಾಗ ಕೂಗ್ಬೇಕು, ಕೈ ತಾಗಿದಾಗೆಲ್ಲ ಅಲ್ಲ." ಕೊನೆಗೆ ನಡುಗಾತ್ರದ ಹಲಗೆಯ ಮೇಲೆ, ಕಣ್ಣು ಪರದೆಯಿಂದ ಕೀಳದೆ ಪೆನ್ನಾಡಿಸಿದರು. ಮೀಸೆ ಹೋಯಿತು. ಚುಕ್ಕೆಯೂ ಹೋಯಿತು.

"ಮೊದಲೇ ಅಭ್ಯಾಸ ಇದ್ಯಾ ಆಂಟಿ?" ಎಂದಳು ಅಂಗಡಿಯ ಹುಡುಗಿ.

"ಇದೆ. ಇದನ್ನೇ ಕಟ್ಟಿಕೊಡಮ್ಮ."

ಅಳಿಯ ಹದಿನೇಳು ಕಾಲಮ್ಮನ್ನೂ ಮಡಿಸಿ ಜೇಬಿಗಿಟ್ಟ.

ಎರಡು ವಾರದ ನಂತರದ ಭಾನುವಾರ ಮೊಳೆಗೆ ಕೆಲಸ ಸಿಕ್ಕಿತು. ಅಕ್ಕ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಅಯ್ಯೋ, ಇದೇ ಕಣೇ! ಬೈಯೋಕೆ ಮೊದಲು ಅಮ್ಮ ಹೀಗೇ ನಗ್ತಿದ್ಲು!"

"ಮೊಳೆ ಸೊಟ್ಟಗಿದೆ," ಎಂದು ಅತ್ತೆ ಅತ್ತ ತಿರುಗಿ ಕಣ್ಣೊರೆಸಿಕೊಂಡರು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಅಳಿಯನ ಜಾಯಮಾನವಲ್ಲ. ಗಂಟಲು ಸರಿಮಾಡಿಕೊಂಡು, ಆ ಟ್ಯಾಬ್ಲೆಟ್ ತನ್ನ ಪಟ್ಟಿಯಲ್ಲೂ ಇತ್ತೆಂದು ಎಲ್ಲರಿಗೂ ತಿಳಿಸಿದ. ಆಮೇಲೆ ಹುಬ್ಬೇರಿಸಿ ಕೇಳಿದ: "ಆದ್ರೂ ಅತ್ತೆ, ಕೈ ಎಲ್ಲಿದೆ ಅಂತ ನೋಡ್ದೆ ಅದು ಹೇಗೆ ಕೆಲಸ ಮಾಡ್ತೀರಿ?"

"ಏಳು ವರ್ಷ ನನ್ನ ಬೆನ್ನ ಹಿಂದೇನೇ ಕೂತಿದ್ರಲ್ಲ ಅಳಿಯಂದ್ರೇ," ಎಂದರು ಅತ್ತೆ, "ನಾನು ಗೇರು ನೋಡ್ಕೊಂಡು ಬಸ್ಸು ಓಡ್ಸಿದ್ದಿದ್ರೆ, ಇದನ್ನ ಕೇಳೋಕೆ ನೀವೇ ಇರ್ತಿರ್ಲಿಲ್ಲ."