ಜೈತುನಕ್ಕನ ಕೀಲಿಮಣೆ

ಜೈತುನಕ್ಕ ಕೀಲಿಮಣೆಯತ್ತ ನೋಡಿ ಟೈಪ್ ಮಾಡಿದ್ದನ್ನು ನಾನು ಕಂಡಿರಲೇ ಇಲ್ಲ. ಬೆಟಗೇರಿಯ ನಮ್ಮ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರ ಮುಖ ನೋಡುತ್ತ, ಬೀಗರ ಸುದ್ದಿ, ಊಟದ ಸುದ್ದಿ ಎಲ್ಲ ಮಾತಾಡುತ್ತಿದ್ದರು. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಹಳೆಯ ಕನ್ನಡ ಟೈಪ್‌ರೈಟರಿನ ಮೇಲೆ ಪಳಗಿದ ಕೈ ಅದು. ಯಾರದಾದರೂ ಹೆಸರು ಬಿಟ್ಟಿದ್ದರೆ ಜೈತುನಕ್ಕನೇ ಕೇಳುತ್ತಿದ್ದರು: "ಹಿರೇ ಸೊಸಿ ಹೆಸರ ಎಲ್ಲಿ ಐತ್ರಿ? ಮದುವಿ ದಿನಾನ ಜಗಳ ಹಚ್ಚತೀರೇನು?"

ಒಮ್ಮೆ, ಟೈಪ್‌ರೈಟರಿನದೇ ಜೋಡಣೆಯಿದ್ದ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಅದರಲ್ಲಿ ಅಕ್ಷರಗಳ ಜಾಗವೇ ಬೇರೆ. ಜೈತುನಕ್ಕ ತಲೆ ಬಗ್ಗಿಸಿ ಒಂದೊಂದೇ ಅಕ್ಷರ ಹುಡುಕತೊಡಗಿದರು. ಮಾತು ನಿಂತುಹೋಯಿತು. ಆ ವಾರದ ಕೊನೆಗೆ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, "ಕೈಯಾಗಿನ ವಿದ್ಯಾ ಹೋದಂಗಾತು ತಮ್ಮಾ. ಸೋಮವಾರದಿಂದ ನಾ ಬರಂಗಿಲ್ಲ," ಎಂದರು.

ಪುಟ ಜೋಡಿಸುವುದು ನನ್ನ ಕೆಲಸ. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ನನ್ನ ಹುಚ್ಚು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂದು ಅದರಲ್ಲಿ ಕಂಪ್ಯೂಟರಿಗೆ ನಾವೇ ಹೇಳಿಕೊಡಬಹುದು.

"ತಡೀರಿ ಅಕ್ಕಾ, ಅಕ್ಷರಾನೆಲ್ಲ ಹಳೇ ಜಾಗಕ್ಕ ತಂದ ಕೂಡಸ್ತೀನಿ. ‘ಮ’ ಎಲ್ಲಿತ್ತು ಹೇಳ್ರಿ."

ಅವರು ಛಾವಣಿಯತ್ತ ನೋಡಿದರು, ಗಾಳಿಯಲ್ಲಿ ಬೆರಳಾಡಿಸಿದರು. "ಅಯ್ಯ! ನನಗೇನ ಗೊತ್ತೋ? ಕೈಗೆ ಗೊತ್ತೈತಿ, ಅದನ್ನ ಕೇಳು."

ಕೈಯನ್ನೇ ಕೇಳಿದೆ. ಒತ್ತಿದ ಕೀಲಿಗಳನ್ನು ನೆನಪಿಟ್ಟುಕೊಳ್ಳುವಂತೆ ಒಂದಿಷ್ಟು ಸಾಲು ಬರೆದೆ. ನಾನು ಊರ ಹೆಸರು ಕೂಗಿದಂತೆ ಅವರು ಕಣ್ಣು ಮುಚ್ಚಿ ಹೊಡೆದರು: ಮುಂಡರಗಿ, ಶಿಗ್ಲಿ, ಬಾಳೆಹೊಸೂರ. ತೆರೆಯ ಮೇಲೆ ಬಂದದ್ದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಊರ ಹೆಸರುಗಳೊಂದಿಗೆ ಹೋಲಿಸಿ ಪ್ರತಿ ಕೀಲಿಗೂ ಅದರ ಕನ್ನಡ ಅಕ್ಷರ ಕೊಟ್ಟೆ. ಎಲ್ಲೋ ಅದಲುಬದಲು ಮಾಡಿದ್ದೆ. ಗದಗ ಎಂದು ಹೊಡೆದರೆ ‘ಲದಲ’ ಬಂತು.

"ಲೇ, ಊರನ್ನ ಕಳದಿಯಲ್ಲೋ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಾರದ ನಂತರ ಅವರು ನಕ್ಕಿದ್ದು ಅಂದೇ. ತಿದ್ದಿಕೊಟ್ಟೆ. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರು.

ಹೋದ ವರ್ಷ ಕೆಲಸ ಬಿಟ್ಟು ಲಕ್ಷ್ಮೇಶ್ವರಕ್ಕೆ, ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಅವರ ಕುರ್ಚಿಗೆ ಬಂದ ಹುಡುಗಿಗೆ ಆ ಜೋಡಣೆ ಒಗ್ಗಲಿಲ್ಲ. ಅಳಿಸಲು ನನಗೆ ಮನಸ್ಸು ಬರಲಿಲ್ಲ. ಲಿಸ್ಪ್‌ನಲ್ಲಿ ಸಾಲಿನ ಮುಂದೆ ಅರ್ಧವಿರಾಮದ ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ, ಸಾಲು ಅಲ್ಲೇ ಉಳಿಯುತ್ತದೆ. ಹಾಗೆ ಮಾಡಿ ಅವರಿಗೆ ಫೋನ್ ಮಾಡಿದೆ.

"ಛಲೋ ಮಾಡಿದಿ. ನಿನ್ನ ಮದುವಿ ಗೊತ್ತಾದಾಗ ಆ ಗುರುತು ತಗದಿಡು. ಕಾರ್ಡ ನಾನ ಬಂದ ಹೊಡಿತೀನಿ," ಎಂದರು.

ಹೆಣ್ಣು ಇನ್ನೂ ಸಿಕ್ಕಿಲ್ಲ. ಪ್ರೆಸ್ಸು ಬಿಕೋ ಎನ್ನುತ್ತದೆ. ಜೈತುನಕ್ಕ ಬರಲಿ ಎಂಬ ಆಸೆಗಾದರೂ ನಾನು ಬೇಗ ಮದುವೆಯಾಗಬೇಕು.